ಮೇಡಂ ಚಾರ್ಜ್ ಕೊಟ್ಟ ದಿನ

ನಮ್ಮ ಕಾಲೇಜಿನ ಗಣಿತ ವಿಭಾಗದ ಮುಖ್ಯಸ್ಥೆ ಈಚೆಗೆ ನಿವೃತ್ತರಾದರು. ಬೀಳ್ಕೊಡುಗೆ ಎಲ್ಲ ಕಡೆ ನಡೆಯುವಂತೆಯೇ ನಡೆಯಿತು: ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಹಣ್ಣಿನ ಬುಟ್ಟಿ, ಸಹೋದ್ಯೋಗಿಗಳೆಲ್ಲ ಸೇರಿ ತಂದ ರೇಷ್ಮೆ ಸೀರೆ. ಮಾತನಾಡಿದವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಮೇಡಂ ತರಗತಿಗೆ ತಡವಾಗಿ ಹೋದವರಲ್ಲ ಎಂದರು, ನಿಜ. ಅವರ ವಿಷಯದಲ್ಲಿ ಫಲಿತಾಂಶ ಯಾವತ್ತೂ ಚೆನ್ನಾಗಿರುತ್ತಿತ್ತು ಎಂದರು, ಅದೂ ನಿಜ. ಅವರ ಶಿಷ್ಯರು ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದ್ದಾರೆ, ಒಬ್ಬ ತಹಶೀಲ್ದಾರನೂ ಆಗಿದ್ದಾನೆ ಎಂದರು. ಆ ತಹಶೀಲ್ದಾರ ವೇದಿಕೆಯ ಮೇಲೆಯೇ ಕುಳಿತಿದ್ದ. ಮುಖ್ಯ ಅತಿಥಿಗಳು ಇದು ಗಣಿತದವರ ಸಭೆ ಎಂದು ನೆನಪಿಸಿಕೊಂಡು ರಾಮಾನುಜನ್, ಹಾರ್ಡಿ, 1729 ನಂಬರಿನ ಟ್ಯಾಕ್ಸಿ ಎಲ್ಲವನ್ನೂ ಹೇಳಿ ಮುಗಿಸಿದರು. ಪ್ರತಿ ಡಿಸೆಂಬರ್ 22ರಂದು ಗಣಿತ ದಿನಾಚರಣೆಗೆ ಬರುವವರೂ ಅದನ್ನೇ ಹೇಳುವುದರಿಂದ ನಮ್ಮ ಹುಡುಗರಿಗೆ ಆ ಕಥೆ ಬಾಯಿಪಾಠ.

ಊಟ ಮುಗಿಸಿ ಹೊರಟಾಗ ಶುರುವಾದ ಕಿರಿಕಿರಿ ಬಹಳ ದಿನ ಬಿಡಲಿಲ್ಲ. ಅಷ್ಟು ಜನ ಅಷ್ಟು ಹೊತ್ತು ಮಾತನಾಡಿದರೂ ಮೇಡಂ ಮೂರು ದಶಕ ತರಗತಿಯ ಒಳಗೆ ಏನು ಮಾಡಿದರು ಎಂಬುದನ್ನು ಒಬ್ಬರೂ ಹೇಳಿರಲಿಲ್ಲ. ಅಂದು ಆಡಿದ ಮಾತುಗಳಲ್ಲಿ ಗಣಿತ ಎಂದಿದ್ದ ಕಡೆ ಇತಿಹಾಸ ಎಂದೋ ವಾಣಿಜ್ಯಶಾಸ್ತ್ರ ಎಂದೋ ಹಾಕಿದ್ದರೂ ಒಂದು ವಾಕ್ಯವನ್ನೂ ತಿದ್ದಬೇಕಾಗಿರಲಿಲ್ಲ. ನನ್ನನ್ನೂ ಎರಡು ಮಾತು ಆಡಲು ಕರೆದಿದ್ದರು. ನಾನು ಅವರ ವಿದ್ಯಾರ್ಥಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕ. ಎರಡು ಮಾತು ಎಂದರೆ ಎರಡೇ ಎಂದು ನಿರೂಪಕರು ಮೊದಲೇ ಎಚ್ಚರಿಸಿದ್ದರಿಂದ ‘ಮೇಡಂ ನನಗೆ ತಾಯಿಯಂತೆ’ ಎಂದು ಹೇಳಿ ಇಳಿದೆ. ಮೇಡಂ ಯಾರಿಗೂ ತಾಯಿಯಂತೆ ಇದ್ದವರಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಅಂದ ಹಾಗೆ ಅವರ ನಿವೃತ್ತಿಯ ದಿನಾಂಕ ಮೇ 31. ದಾಖಲೆಯ ಪ್ರಕಾರ ಅವರು ಹುಟ್ಟಿದ್ದು ಜೂನ್ 1. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ನಮ್ಮ ಹಳ್ಳಿಗಳಲ್ಲಿ ಆ ತಲೆಮಾರಿನ ಎಷ್ಟೋ ಜನ ಜೂನ್ 1ರಂದೇ ಹುಟ್ಟಿದವರು, ಏಕೆಂದರೆ ಶಾಲೆಗೆ ಸೇರಿಸಲು ಬಂದ ತಂದೆಯನ್ನು ಹೆಡ್‌ಮಾಸ್ಟರು ಮಗು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ‘ಆ ವರ್ಷ ಕೆರೆ ಕೋಡಿ ಬಿದ್ದಿತ್ತು’ ಎಂಬಂಥ ಉತ್ತರ ಬರುತ್ತಿತ್ತು. ಜೀವನವಿಡೀ ನಿಖರತೆಯನ್ನು ಕಲಿಸಿದವರ ಸೇವಾ ಪುಸ್ತಕದ ಮೊದಲ ಸಂಖ್ಯೆಯೇ ಅಂದಾಜಿನದು ಎಂದು ನಾನು ಹೇಳಿದಾಗ ಅವರು ನಗಲಿಲ್ಲ. ‘ಅಂದಾಜು ಎಂದು ಎಲ್ಲರಿಗೂ ಗೊತ್ತಿದ್ದರೆ ತೊಂದರೆಯಿಲ್ಲ. ದೋಷ ಎಷ್ಟು ತಿಂಗಳ ಒಳಗಿದೆ ಎಂದು ನಮ್ಮ ತಾಯಿಗೆ ಗೊತ್ತಿತ್ತು’ ಎಂದರು.

ಈ ಒಂದು ಎಲ್ಲಿಂದ ಬಂತು

ಮೇಡಂ ಏನು ಮಾಡಿದರು ಎಂದು ಹೇಳಬೇಕಾದರೆ ನಾನು ಒಂದು ತರಗತಿಯನ್ನು ಹೇಳಬೇಕು. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಲಿಮಿಟ್‌ನ, ಎಂದರೆ ಎಕ್ಸ್ ಒಂದು ಬೆಲೆಯನ್ನು ಸಮೀಪಿಸಿದಾಗ ಫಂಕ್ಷನ್ ಸಮೀಪಿಸುವ ಬೆಲೆಯ, ಎಪ್ಸಿಲಾನ್-ಡೆಲ್ಟಾ ವ್ಯಾಖ್ಯೆ ಬರುತ್ತದೆ. ಓದಿದವರಿಗೆ ಅದರ ರುಚಿ ಗೊತ್ತು. ಪಿಯುಸಿಯಲ್ಲಿ ಲಿಮಿಟ್ ಎಂದರೆ ಎಕ್ಸ್ ಇದ್ದಲ್ಲಿ ಬೆಲೆ ಹಾಕುವುದು, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಪರಿಸ್ಥಿತಿ ಬಂದರೆ ಅಪವರ್ತಿಸಿ ಹೊಡೆದುಹಾಕುವುದು, ಅಷ್ಟೇ. ಇಲ್ಲಿ ಇದ್ದಕ್ಕಿದ್ದಂತೆ ಎರಡು ಗ್ರೀಕ್ ಅಕ್ಷರಗಳು ಬಂದು, ಒಂದನ್ನು ಯಾರೋ ಕೊಟ್ಟಿರುತ್ತಾರೆ, ಇನ್ನೊಂದನ್ನು ನಾವು ಹುಡುಕಬೇಕು. ಯಾರು ಕೊಟ್ಟರು, ಏಕೆ ಕೊಟ್ಟರು ಎಂದು ಗೈಡ್ ಪುಸ್ತಕ ಹೇಳುವುದಿಲ್ಲ. ಮೇಡಂ ಅದನ್ನು ಸಂತೆಯ ಚೌಕಾಸಿಯಂತೆ ಮಾಡಿಸುತ್ತಿದ್ದರು. ಒಬ್ಬರು ಎದ್ದು ನಿಂತು ‘ಉತ್ತರ ಇಷ್ಟಕ್ಕಿಂತ ಹೆಚ್ಚು ತಪ್ಪಬಾರದು’ ಎಂದು ಎಪ್ಸಿಲಾನ್ ಹೇಳಬೇಕು, ಇನ್ನೊಬ್ಬರು ‘ಹಾಗಾದರೆ ಎಕ್ಸ್ ಅನ್ನು ಇಷ್ಟು ಹತ್ತಿರ ಇಡುತ್ತೇನೆ’ ಎಂದು ಡೆಲ್ಟಾ ಹೇಳಬೇಕು. ಎಕ್ಸ್ ಅನ್ನು ಮೂರರಿಂದ ಗುಣಿಸಿ ಒಂದು ಕೂಡಿಸುವ ಫಂಕ್ಷನ್. ಎಕ್ಸ್ ಎರಡನ್ನು ಸಮೀಪಿಸಿದಾಗ ಅದು ಏಳನ್ನು ಸಮೀಪಿಸುತ್ತದೆ. 0.3 ಎಂದು ಕೇಳಿದರೆ 0.1 ಕೊಡಬೇಕು, 0.03 ಎಂದರೆ 0.01. ಐದಾರು ಸುತ್ತಿಗೆ ಹುಡುಗರು ತಾವೇ ‘ಏನು ಕೇಳಿದರೂ ಅದರ ಮೂರನೇ ಒಂದು ಭಾಗ’ ಎಂದು ಕೂಗಿಬಿಡುತ್ತಿದ್ದರು. ಅಲ್ಲಿಗೆ ಮೊದಲ ದಿನ ಮುಗಿಯಿತು.

ನಿಜವಾದ ತೊಡಕು ಮರುದಿನ ಬರುತ್ತದೆ. ಫಂಕ್ಷನ್ ಎಕ್ಸ್‌ನ ವರ್ಗ, ಎಕ್ಸ್ ಎರಡನ್ನು ಸಮೀಪಿಸಿದರೆ ಲಿಮಿಟ್ ನಾಲ್ಕು. ವರ್ಗದಿಂದ ನಾಲ್ಕು ಕಳೆದರೆ ಎಕ್ಸ್ ಮೈನಸ್ ಎರಡು, ಗುಣಿಸು ಎಕ್ಸ್ ಪ್ಲಸ್ ಎರಡು. ಮೊದಲನೆಯದು ನಮ್ಮ ಹಿಡಿತದಲ್ಲಿದೆ, ಎರಡನೆಯದು ಎಕ್ಸ್ ಜೊತೆಗೆ ತಾನೂ ಬದಲಾಗುತ್ತದೆ. ಆಗ ಪುಸ್ತಕ ಹೇಳುತ್ತದೆ: ಡೆಲ್ಟಾ ಒಂದಕ್ಕಿಂತ ಹೆಚ್ಚಿಲ್ಲ ಎಂದು ಇಟ್ಟುಕೊಳ್ಳಿ, ಹಾಗಾದರೆ ಎಕ್ಸ್ ಪ್ಲಸ್ ಎರಡು ಐದಕ್ಕಿಂತ ಚಿಕ್ಕದು, ಆದ್ದರಿಂದ ಒಂದು ಮತ್ತು ಎಪ್ಸಿಲಾನ್‌ನ ಐದನೇ ಒಂದು ಭಾಗ, ಇವೆರಡರಲ್ಲಿ ಚಿಕ್ಕದೇ ಡೆಲ್ಟಾ. ನಾವೆಲ್ಲ ಬರೆದುಕೊಂಡೆವು. ಎರಡನೆಯ ಸಾಲಿನಲ್ಲಿ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು, ಹಾಜರಿ ಬಿಟ್ಟರೆ ಅವಳ ಧ್ವನಿಯನ್ನೇ ನಾವು ಕೇಳಿರಲಿಲ್ಲ. ಅವಳು ಕುಳಿತಲ್ಲಿಂದಲೇ, ‘ಈ ಒಂದು ಎಲ್ಲಿಂದ ಬಂತು ಮೇಡಂ?’ ಎಂದು ಕೇಳಿದಳು.

ಮೇಡಂ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು. ‘ನಿನಗೆ ಒಂದು ಬೇಡವೇ? ಬೇರೆ ಏನು ಬೇಕು ಹೇಳು’ ಎಂದರು. ಹುಡುಗಿ ತುಂಬ ಹೊತ್ತು ಯೋಚಿಸಿ ಅರ್ಧ ಎಂದಳು. ಅರ್ಧ ಇಟ್ಟರು, ಎಕ್ಸ್ ಪ್ಲಸ್ ಎರಡು 4.5ಕ್ಕಿಂತ ಚಿಕ್ಕದಾಯಿತು, ಕೊನೆಯಲ್ಲಿ ಐದರ ಜಾಗದಲ್ಲಿ 4.5 ಬಂತು, ಸಾಧನೆ ಸರಿಹೋಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಕೀಟಲೆಗೆ ನೂರು ಎಂದ. ಮೇಡಂ ಗದರಿಸಲಿಲ್ಲ, ನೂರನ್ನೇ ಬರೆದರು. ಎಕ್ಸ್ ಪ್ಲಸ್ ಎರಡು 104ಕ್ಕಿಂತ ಚಿಕ್ಕದು. ಡೆಲ್ಟಾ ನೂರು ಮತ್ತು ಎಪ್ಸಿಲಾನ್‌ನ 104ನೇ ಒಂದು ಭಾಗ, ಇವುಗಳಲ್ಲಿ ಚಿಕ್ಕದು. ಅದೂ ಸರಿಹೋಯಿತು. ತರಗತಿಯಲ್ಲಿ ಒಂದು ಬಗೆಯ ಗಲಿಬಿಲಿ ಎದ್ದಿತು. ಹನ್ನೆರಡು ವರ್ಷ ಗಣಿತ ಕಲಿತ ನಮಗೆ ಒಂದು ಲೆಕ್ಕಕ್ಕೆ ಒಂದೇ ಉತ್ತರ, ಅದು ಪುಸ್ತಕದ ಹಿಂಭಾಗದಲ್ಲಿರುತ್ತದೆ ಎಂದೇ ಗೊತ್ತಿದ್ದದ್ದು. ‘ಹಾಗಾದರೆ ಯಾವುದು ಸರಿ?’ ಎಂದು ಯಾರೋ ಕೇಳಿದರು. ‘ಎಲ್ಲವೂ ಸರಿ. ನೀನು ಆರಿಸಿಕೊಂಡದ್ದನ್ನು ಕೊನೆಯ ಸಾಲಿನವರೆಗೆ ನಿಭಾಯಿಸಬೇಕು, ಅಷ್ಟೇ’ ಎಂದರು. ಗಂಟೆ ಹೊಡೆಯಿತು. ಅಂದು ಒಂದೇ ಲೆಕ್ಕ ಆಗಿತ್ತು.

ಅದು ಆ ದಿನ ಆಕಸ್ಮಿಕವಾಗಿ ನಡೆದದ್ದು ಎಂದೇ ನಾನು ಬಹಳ ಕಾಲ ನಂಬಿದ್ದೆ. ಅತಿಥಿ ಉಪನ್ಯಾಸಕನಾಗಿ ಬಂದ ಮೇಲೆ ಪಕ್ಕದ ಕೋಣೆಯಲ್ಲಿ ಕುಳಿತು ಉತ್ತರ ಪತ್ರಿಕೆ ನೋಡುತ್ತಿದ್ದಾಗ ಗೋಡೆಯ ಆಚೆಯಿಂದ ಮೇಡಂ ‘ನಿನಗೆ ಒಂದು ಬೇಡವೇ?’ ಎನ್ನುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನೂರು. ಪ್ರತಿ ವರ್ಷ ಅವರು ಆ ಪ್ರಶ್ನೆಗಾಗಿ ಅಲ್ಲಿಯೇ ಕಾಯುತ್ತಿದ್ದರು. ಪ್ರಶ್ನೆ ಬರದ ವರ್ಷವೂ ಇರುತ್ತಿತ್ತು. ಆಗ ಮುಂದಕ್ಕೆ ಹೋಗುತ್ತಿರಲಿಲ್ಲ, ಮರುದಿನ ಎಕ್ಸ್‌ನ ವರ್ಗವನ್ನೇ ಮತ್ತೆ ಬರೆದು ಒಂದು ಎಂಬ ಅಂಕಿಯ ಕೆಳಗೆ ಎರಡು ಗೆರೆ ಎಳೆದು ತರಗತಿಯ ಕಡೆ ತಿರುಗಿ ಸುಮ್ಮನೆ ನಿಲ್ಲುತ್ತಿದ್ದರು. ಪಠ್ಯ ಮುಗಿಯುವುದಿಲ್ಲ ಎಂಬ ದೂರು ಇದರಿಂದ ಬಂದದ್ದುಂಟು. ಅವರು ಕಡೆಗೆ ಭಾನುವಾರ ಕರೆದು ಮುಗಿಸುತ್ತಿದ್ದರು.

ಮೌಲ್ಯಮಾಪನ ಕೇಂದ್ರದಲ್ಲಿ ಇದರ ಬಾಲಂಗೋಚಿಯೊಂದನ್ನು ಕಂಡಿದ್ದೇನೆ. ಯಾವುದೋ ಊರಿನ ವಿದ್ಯಾರ್ಥಿ ಡೆಲ್ಟಾಗೆ ಅರ್ಧವನ್ನು ಇಟ್ಟು ಸಾಧಿಸಿದ್ದ. ಸ್ಕೀಮಿನ ಮಾದರಿ ಉತ್ತರದಲ್ಲಿ ಒಂದು ಎಂದಿದೆ ಎಂದು ಹೊಸ ಮೌಲ್ಯಮಾಪಕರೊಬ್ಬರು ಅಂಕ ಕತ್ತರಿಸಿದ್ದರು. ಮೇಡಂ ಆ ಪತ್ರಿಕೆಯನ್ನು ಹಿಡಿದುಕೊಂಡು ಮುಖ್ಯ ಪರೀಕ್ಷಕರ ಮೇಜಿಗೆ ಹೋದರು. ಬಂಡಲ್ ಲೆಕ್ಕ ಮುಗಿಸುವ ಅವಸರದಲ್ಲಿದ್ದ ಆ ಹಾಲಿನಲ್ಲಿ ಎರಡು ಅಂಕಕ್ಕೆ ಅರ್ಧ ಗಂಟೆ ವಾದ ಮಾಡುವುದು ಎಲ್ಲರಿಗೂ ಹಾಸ್ಯವಾಗಿ ಕಂಡಿತು. ಅಂಕ ಬಂತು. ಆ ಹುಡುಗ ಯಾರೆಂದು ಅವರಿಗೆ ಗೊತ್ತಿಲ್ಲ, ಹೀಗೊಬ್ಬರು ತನಗಾಗಿ ಎದ್ದು ಹೋದರು ಎಂದು ಅವನಿಗೂ ಗೊತ್ತಿಲ್ಲ.

ಮರದ ಕಂಪಾಸು, ಬೀರು, ಇತ್ಯಾದಿ

ನಿವೃತ್ತಿಯ ವಾರದಲ್ಲಿ ಚಾರ್ಜ್ ಕೊಡುವ ಕೆಲಸ ಇರುತ್ತದೆ. ವಿಭಾಗದಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ, ಎಣಿಸಿ ತೋರಿಸಿ, ತೆಗೆದುಕೊಳ್ಳುವವರ ಸಹಿ ಪಡೆಯಬೇಕು. ಗ್ರಂಥಾಲಯ, ಕಚೇರಿ, ಕ್ರೀಡಾ ವಿಭಾಗ ಎಲ್ಲ ಕಡೆಯಿಂದ ಬೇಬಾಕಿ ಪತ್ರ ಬರಬೇಕು. ಮೇಡಂ ಜೀವಮಾನದಲ್ಲಿ ಕ್ರೀಡಾ ವಿಭಾಗದಿಂದ ಒಂದು ಚೆಂಡನ್ನೂ ತೆಗೆದುಕೊಂಡವರಲ್ಲ. ಆದರೂ ಸಹಿ ಬೇಕು. ಗಣಿತ ವಿಭಾಗದ ಕಾಯಂ ಹುದ್ದೆಯಲ್ಲಿ ಇದ್ದವರು ಅವರೊಬ್ಬರೇ. ಉಳಿದ ಪಾಠವನ್ನು ನನ್ನಂಥ ಅತಿಥಿ ಉಪನ್ಯಾಸಕರು ನಡೆಸುತ್ತೇವೆ, ನಮ್ಮ ನೇಮಕ ವರ್ಷದಿಂದ ವರ್ಷಕ್ಕೆ. ಆದ್ದರಿಂದ ಚಾರ್ಜ್ ತೆಗೆದುಕೊಳ್ಳಲು ನಾವು ಬರುವುದಿಲ್ಲ ಎಂದಾಯಿತು. ಬೀರುವಿನ ಕೀಲಿ ಭೌತಶಾಸ್ತ್ರದ ಸರ್ ಕೈಗೆ ಹೋಯಿತು. ಅವರು ಒಳ್ಳೆಯ ಮನುಷ್ಯ. ‘ಕೀಲಿ ನನ್ನ ಹತ್ತಿರ ಇರುತ್ತದೆ, ಬೀರು ನಿಮ್ಮದೇ’ ಎಂದು ನನಗೆ ಸಮಾಧಾನ ಹೇಳಿದರು.

ಪಟ್ಟಿ ಬರೆದವನು ನಾನು. ಕಪ್ಪು ಹಲಗೆಗೆ ಹಿಡಿಯುವ ಮರದ ಕಂಪಾಸು, ಮರದ ಕೋನಮಾಪಕ, ಓರೆಯಾಗಿ ಕತ್ತರಿಸಿದರೆ ದೀರ್ಘವೃತ್ತ, ಪರವಲಯ, ಅತಿಪರವಲಯ ಕಾಣುವ ಮರದ ಶಂಕು, ಅದರ ಒಂದು ತುಂಡು ಕಾಣೆ. ಕ್ಯಾಲ್ಕ್ಯುಲೇಟರ್ ಬರುವ ಮೊದಲಿನ ಲಾಗರಿದಮ್ ಕೋಷ್ಟಕಗಳ ಕಟ್ಟು. ದಾರ ಕಟ್ಟಿದ ಹಳೆಯ ಪ್ರಶ್ನೆಪತ್ರಿಕೆಗಳು. ಮ್ಯಾಕ್ಸಿಮಾ, ಸೈಲ್ಯಾಬ್ ಪ್ರಾಯೋಗಿಕ ತರಗತಿಗೆಂದು ಬಂದ ಕಂಪ್ಯೂಟರುಗಳು, ಅವುಗಳಲ್ಲಿ ಕೆಲವು ಉಸಿರಾಡುತ್ತವೆ. ಪಠ್ಯಕ್ರಮದ ಪುಸ್ತಿಕೆಗಳೇ ಒಂದು ಅರೆ ತುಂಬ ಇದ್ದವು. ವಾರ್ಷಿಕ ಪದ್ಧತಿ ಹೋಗಿ ಸೆಮಿಸ್ಟರ್ ಬಂತು, ಸಿಬಿಸಿಎಸ್ ಎಂಬ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂತು, 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024ರಲ್ಲಿ ಕರ್ನಾಟಕದ ಮಟ್ಟಿಗೆ ಅದು ಹೋಯಿತು. ಒಂದೊಂದು ಸಲವೂ ಎಪ್ಸಿಲಾನ್-ಡೆಲ್ಟಾ ಒಂದು ಸೆಮಿಸ್ಟರಿನಿಂದ ಇನ್ನೊಂದಕ್ಕೆ ಸಾಮಾನು ಸರಂಜಾಮು ಹೊತ್ತು ವಲಸೆ ಹೋಗಿದೆ.

ಬೀರುವಿನಲ್ಲಿ ನಾನು ಹುಡುಕುತ್ತಿದ್ದದ್ದು ಅವರ ಪಾಠದ ಟಿಪ್ಪಣಿಗಳನ್ನು. ಒಂದು ಹಾಳೆಯೂ ಇರಲಿಲ್ಲ. ಕೇಳಿದಾಗ, ವರ್ಷದ ಕೊನೆಗೆ ಹರಿದುಹಾಕುತ್ತಿದ್ದೆ ಎಂದರು. ‘ಇಟ್ಟುಕೊಂಡಿದ್ದರೆ ಮುಂದಿನ ವರ್ಷ ಅದನ್ನೇ ಓದಿ ಹೋಗುತ್ತಿದ್ದೆ. ಹಳೆಯ ಹುಡುಗರಿಗೆ ಮಾಡಿದ ಪಾಠ ಹೊಸಬರಿಗೆ ಮಾಡಿದ ಹಾಗೆ ಆಗುತ್ತಿತ್ತು.’ ನನಗೆ ಸಿಟ್ಟು ಬಂತು. ನನ್ನನ್ನು ನಂಬಿ ಮೂರು ವರ್ಷದ ಪಾಠ ಬಿಟ್ಟು ಹೋಗುವವರು ಒಂದು ನೋಟ್‌ಬುಕ್ಕಾದರೂ ಇಡಬಾರದೇ? ವಿದ್ಯಾರ್ಥಿಗಳ ಎದುರು ನನ್ನನ್ನು ‘ನೀವು’ ಎನ್ನುವ ಮೇಡಂ, ಬೇರೆ ಯಾರೂ ಇಲ್ಲದಿದ್ದಾಗ ‘ನೀನು’ ಎನ್ನುತ್ತಾರೆ. ‘ನೀನು ಏನು ಕೇಳುತ್ತಿದ್ದೀಯ ಗೊತ್ತು. ಕುರ್ಚಿ ಎಳೆದುಕೊಂಡು ಕೂತುಕೋ’ ಎಂದರು.

ಆ ಮಧ್ಯಾಹ್ನ ಅವರು ಹೇಳಿದ್ದರಲ್ಲಿ ಗಣಿತ ನನಗೆ ಗೊತ್ತಿದ್ದದ್ದೇ. ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಹೊಸದು. ಗ್ರೂಪ್ ಥಿಯರಿಯ ಕೋಸೆಟ್ ಪಾಠಕ್ಕೆ ವ್ಯಾಖ್ಯೆಯಿಂದ ಶುರು ಮಾಡಬೇಡ, ಗಡಿಯಾರದಿಂದ ಶುರು ಮಾಡು ಎಂದರು. ಸೊನ್ನೆಯಿಂದ ಹನ್ನೊಂದರವರೆಗಿನ ಸಂಖ್ಯೆಗಳು, ಗಡಿಯಾರದ ಕೂಡಿಕೆ. ಸೊನ್ನೆ, ಮೂರು, ಆರು, ಒಂಬತ್ತು ಒಂದು ಗುಂಪು, ಅದು ಸಬ್‌ಗ್ರೂಪ್: ಸೊನ್ನೆ ಅದರಲ್ಲಿದೆ, ಒಳಗಿನ ಯಾವ ಎರಡನ್ನು ಕೂಡಿಸಿದರೂ ಉತ್ತರ ಹೊರಗೆ ಹೋಗುವುದಿಲ್ಲ. ಅದಕ್ಕೆ ಒಂದು ಕೂಡಿಸಿದರೆ ಒಂದು, ನಾಲ್ಕು, ಏಳು, ಹತ್ತು. ಎರಡು ಕೂಡಿಸಿದರೆ ಎರಡು, ಐದು, ಎಂಟು, ಹನ್ನೊಂದು. ಮೂರು ಕೂಡಿಸಿದರೆ ಮತ್ತೆ ಮೊದಲನೆಯದೇ ಬರುತ್ತದೆ. ಹನ್ನೆರಡು ಸಂಖ್ಯೆಗಳು ನಾಲ್ಕು ನಾಲ್ಕರಂತೆ ಮೂರು ಪಾಲಾದವು, ಈ ಪಾಲುಗಳೇ ಕೋಸೆಟ್, ಏನೂ ಮಿಗಲಿಲ್ಲ, ಯಾವುದೂ ಎರಡು ಕಡೆ ಬೀಳಲಿಲ್ಲ. ಸಬ್‌ಗ್ರೂಪಿನ ಸದಸ್ಯರ ಸಂಖ್ಯೆ ಗ್ರೂಪಿನ ಸದಸ್ಯರ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ ಎಂಬ ಲಗ್ರಾಂಜನ ಪ್ರಮೇಯ ಅಷ್ಟರಲ್ಲೇ ಇದೆ. ‘ಆದರೆ ಅದನ್ನು ಹೇಳಬೇಡ. ಎರಡನೆಯ ಪಾಲಿನಲ್ಲಿ ಸೊನ್ನೆ ಇಲ್ಲವಲ್ಲ, ಅದು ಗ್ರೂಪ್ ಹೇಗೆ ಆಗುತ್ತದೆ ಎಂದು ಯಾರಾದರೂ ಕೇಳಬೇಕು. ಆ ಪ್ರಶ್ನೆ ಬರುವವರೆಗೆ ಹಲಗೆ ಒರೆಸಬೇಡ. ಕೇಳದಿದ್ದರೆ ಅವರು ಮೂರೂ ಪಾಲನ್ನು ಸಬ್‌ಗ್ರೂಪ್ ಎಂದುಕೊಂಡೇ ಮನೆಗೆ ಹೋಗುತ್ತಾರೆ, ಮೂರನೆಯ ವರ್ಷದಲ್ಲಿ ಪಾಲುಗಳನ್ನೇ ಸದಸ್ಯರನ್ನಾಗಿ ಮಾಡುವ ಕೋಷೆಂಟ್ ಗ್ರೂಪ್ ಹೊತ್ತಿಗೆ ಕೈಬಿಡುತ್ತಾರೆ. ಅಲ್ಲಿ ಅವರಿಗೆ ಅರ್ಥವಾಗುತ್ತಿಲ್ಲ ಎಂದು ನಮಗೆ ಕಾಣುತ್ತದೆ. ಕೆಟ್ಟದ್ದು ಇಲ್ಲಿ.’

ಲಗ್ರಾಂಜನ ಪ್ರಮೇಯ ತಿರುಗಿಸಿದರೂ ನಿಜ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಅದಕ್ಕೆ ನಾಲ್ಕು ವಸ್ತುಗಳ ಆಲ್ಟರ್ನೇಟಿಂಗ್ ಗ್ರೂಪನ್ನು ಜೇಬಿನಲ್ಲಿಟ್ಟುಕೊಂಡು ಹೋಗು ಎಂದರು. ಅದರಲ್ಲಿ ಹನ್ನೆರಡು ಸದಸ್ಯರಿದ್ದಾರೆ, ಆರು ಸದಸ್ಯರ ಸಬ್‌ಗ್ರೂಪ್ ಇಲ್ಲ. ಡಿಫರೆನ್ಷಿಯಲ್ ಸಮೀಕರಣ ಬಿಡಿಸಲು ಗುಣಿಸುವ ಇಂಟಿಗ್ರೇಟಿಂಗ್ ಫ್ಯಾಕ್ಟರ್ ಏಕೆ ಹಾಗೆಯೇ ಇರಬೇಕು ಎಂದು ಕೇಳುವವನು ಸಾಮಾನ್ಯವಾಗಿ ಕಡಿಮೆ ಅಂಕ ತೆಗೆಯುವವನು, ಅವನನ್ನು ಗಮನಿಸು ಎಂದರು. ಭಿನ್ನರಾಶಿ ಭಾಗಾಕಾರದಲ್ಲಿ ಹದಿನೆಂಟು ವರ್ಷದವರು ತಡವರಿಸುವುದು ಈಚಿನ ವರ್ಷಗಳಲ್ಲಿ ಹೆಚ್ಚಾಗಿದೆ, ಅದಕ್ಕೆ ನಗಬೇಡ, ಯಾರಿಗೂ ಗೊತ್ತಾಗದಂತೆ ಹಲಗೆಯ ಮೂಲೆಯಲ್ಲಿ ಒಂದು ಸಲ ಮಾಡಿ ತೋರಿಸಿ ಮುಂದಕ್ಕೆ ಹೋಗು ಎಂದರು. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಆರು ತಿಂಗಳು ಪ್ರಶ್ನೆ ಕೇಳುವುದಿಲ್ಲ, ಅದನ್ನು ದಡ್ಡತನ ಎಂದುಕೊಳ್ಳಬೇಡ ಎಂದರು. ಇದನ್ನು ನನಗೆ ಹೇಳಬೇಕಾಗಿರಲಿಲ್ಲ, ನಾನೇ ಅಂಥವನಾಗಿದ್ದೆ.

ನಾನು ಬರೆದುಕೊಳ್ಳುತ್ತಲೇ ಇದ್ದೆ. ಭೌತಶಾಸ್ತ್ರದ ಸರ್ ಬಂದು ಕಂಪಾಸು, ಕೋನಮಾಪಕ, ಶಂಕು ಎಲ್ಲ ಎಣಿಸಿ ಸಹಿ ಮಾಡಿದರು. ಅವರಿಗೆ ಹಸ್ತಾಂತರಿಸಿದ ಸಾಮಾನಿಗೆ ಗುಜರಿಯಲ್ಲಿ ಹೆಚ್ಚೇನೂ ಸಿಗಲಾರದು. ಗಣಿತ ಮೇಷ್ಟರು ವರ್ಷಗಟ್ಟಲೆ ಕಲಿಯುವುದು ಬೇರೆಯವರಿಗೆ ಎಲ್ಲಿ ಅರ್ಥವಾಗುವುದಿಲ್ಲ ಎಂಬುದನ್ನು. ಗಣಿತವನ್ನು ಅವರು ಎಂ.ಎಸ್ಸಿ.ಯಲ್ಲೇ ಕಲಿತಿರುತ್ತಾರೆ, ಆಮೇಲೆ ಬಹುಪಾಲು ಮರೆಯುತ್ತಾರೆ. ಎಲ್ಲಿ ಅರ್ಥವಾಗುವುದಿಲ್ಲ ಎಂಬ ಆ ಕಲಿಕೆಗೆ ಸೇವಾ ಪುಸ್ತಕದಲ್ಲಾಗಲಿ, ಬಡ್ತಿಗೆ ಅಂಕ ಕೂಡಿಸುವ ನಮೂನೆಗಳಲ್ಲಾಗಲಿ ಜಾಗವಿಲ್ಲ. ವಿಚಾರಸಂಕಿರಣದ ಪ್ರಮಾಣಪತ್ರಕ್ಕೆ ಇದೆ.

ಬರ್ಲಿನ್ನಿನ ಮೇಷ್ಟರು

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಮೇಡಂ ಗಣಿತ ದಿನಾಚರಣೆಯಲ್ಲಿ ರಾಮಾನುಜನ್ ಕಥೆಯನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ತಾವು ಜರ್ಮನಿಯ ಗಣಿತಜ್ಞ ಕಾರ್ಲ್ ವೈಯರ್‌ಸ್ಟ್ರಾಸ್ ಕಥೆ ಹೇಳುತ್ತಿದ್ದರು. ಎಪ್ಸಿಲಾನ್-ಡೆಲ್ಟಾ ಇಂದಿನ ರೂಪದಲ್ಲಿ ನಮ್ಮ ತರಗತಿಗಳಿಗೆ ಬಂದದ್ದು ಮುಖ್ಯವಾಗಿ ಅವರಿಂದ. 1821ರಲ್ಲಿ ಫ್ರೆಂಚ್ ಗಣಿತಜ್ಞ ಕೋಶಿ ಪ್ಯಾರಿಸ್ಸಿನ ತನ್ನ ವಿದ್ಯಾರ್ಥಿಗಳಿಗಾಗಿ ಬರೆದ ಪಠ್ಯದಲ್ಲಿ, ಕಂಟಿನ್ಯೂಯಸ್ (ಎಲ್ಲೂ ಕಡಿಯದೆ ಸಾಗುವ) ಫಂಕ್ಷನ್‌ಗಳ ಅನಂತ ಶ್ರೇಣಿಯ ಮೊತ್ತವೂ ಕಂಟಿನ್ಯೂಯಸ್ ಎಂದು ಸಾಧಿಸಿದ್ದ. ಐದು ವರ್ಷಗಳ ನಂತರ ನಾರ್ವೆಯ ಗಣಿತಜ್ಞ ಆಬೆಲ್ ಅದಕ್ಕೆ ಒಪ್ಪದ ಉದಾಹರಣೆ ಕೊಟ್ಟ. ನಮ್ಮ ಹುಡುಗರು ಎಡವುವ ಜಾಗದಲ್ಲಿಯೇ ಕೋಶಿಯಂಥವನೂ ಎಡವಿದ್ದ: ಎಪ್ಸಿಲಾನ್ ಕೊಟ್ಟ ಮೇಲೆ ಯಾವುದನ್ನು ಯಾವುದಕ್ಕಿಂತ ಮೊದಲು ಆರಿಸಬೇಕು ಎಂಬ ಕಡೆ. ಇದನ್ನು ಹೇಳಿದಾಗ ಹಿಂದಿನ ಬೆಂಚಿನವರ ಮುಖದಲ್ಲಿ ಕಾಣುವ ಸಂತೋಷವನ್ನು ನೋಡಬೇಕು.

ವೈಯರ್‌ಸ್ಟ್ರಾಸ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಷ್ಯಾದ ಸಣ್ಣ ಊರುಗಳಲ್ಲಿ ಹೈಸ್ಕೂಲು ಮೇಷ್ಟರಾಗಿದ್ದರು. ಗಣಿತದ ಜೊತೆಗೆ ಸಸ್ಯಶಾಸ್ತ್ರ, ವ್ಯಾಯಾಮ ಕೂಡ ಅವರ ಪಾಲಿಗೆ ಬಂದಿತ್ತು. ಬರ್ಲಿನ್ನಿಗೆ ಬಂದದ್ದು 1856ರಲ್ಲಿ, ನಲವತ್ತು ದಾಟಿದ ಮೇಲೆ. 1861ರ ಕೊನೆಗೆ ಆರೋಗ್ಯ ಕುಸಿಯಿತು. ಆಮೇಲೆ ಅವರು ಕುಳಿತು ಪಾಠ ಹೇಳುತ್ತಿದ್ದರು, ಒಬ್ಬ ವಿದ್ಯಾರ್ಥಿ ಹಲಗೆಯ ಮೇಲೆ ಬರೆಯುತ್ತಿದ್ದ. ತಮ್ಮ ಪಾಠವನ್ನು ಪುಸ್ತಕವಾಗಿ ಅಚ್ಚು ಹಾಕಿಸುವ ಗೋಜಿಗೆ ಅವರು ಹೋಗಲಿಲ್ಲ. ವಿದ್ಯಾರ್ಥಿಗಳು ಬರೆದುಕೊಂಡ ಟಿಪ್ಪಣಿಗಳೇ ಕೈಯಿಂದ ಕೈಗೆ ಹೋಗಿ ಯುರೋಪಿನಲ್ಲೆಲ್ಲ ಹರಡಿದವು. ಬರ್ಲಿನ್ ವಿಶ್ವವಿದ್ಯಾಲಯ ಹೆಂಗಸರನ್ನು ತರಗತಿಗೆ ಸೇರಿಸುತ್ತಿರಲಿಲ್ಲವಾದ್ದರಿಂದ 1870ರಲ್ಲಿ ರಷ್ಯಾದಿಂದ ಕಲಿಯಲು ಬಂದ ಸೋಫಿಯಾ ಕೊವಲೆವ್‌ಸ್ಕಾಯಾಗೆ ನಾಲ್ಕು ವರ್ಷ ಖಾಸಗಿಯಾಗಿ ಪಾಠ ಹೇಳಿದರು. 1874ರಲ್ಲಿ ಆಕೆಗೆ ಗಟ್ಟಿಂಗೆನ್‌ನಿಂದ ಡಾಕ್ಟರೇಟ್ ಬಂತು, 1889ರಲ್ಲಿ ಸ್ಟಾಕ್‌ಹೋಮಿನಲ್ಲಿ ಪೂರ್ಣ ಪ್ರಾಧ್ಯಾಪಕಿಯಾದಳು. ಈ ಭಾಗವನ್ನು ಮೇಡಂ ಹುಡುಗಿಯರ ಕಡೆ ನೋಡಿಯೇ ಹೇಳುತ್ತಿದ್ದರು. ಪದವಿಯ ಮಧ್ಯದಲ್ಲೇ ಮದುವೆ ಮಾಡಿ ಕಳಿಸುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಅಂಥ ಎಷ್ಟು ಮನೆಗಳಿಗೆ ಅವರು ಹೋಗಿ ಕುಳಿತು ಮಾತನಾಡಿದ್ದಾರೆ ಎಂದು ನನಗೆ ಗೊತ್ತಾದದ್ದು ಅಂಥ ಮನೆಯವಳೊಬ್ಬಳು ನನ್ನ ಹೆಂಡತಿಯಾದ ಮೇಲೆ. ಬೀಳ್ಕೊಡುಗೆಯಲ್ಲಿ ಇದನ್ನೂ ಯಾರೂ ಹೇಳಲಿಲ್ಲ. ಹೇಳಬಾರದೆಂದು ಮೇಡಂ ಮೊದಲೇ ತಾಕೀತು ಮಾಡಿದ್ದರು.

ದಾಟಿಸಲು ಆಗುತ್ತದೆಯೇ

ಈಗ ನನ್ನ ತಕರಾರಿಗೆ ನನ್ನದೇ ಒಂದು ತಕರಾರು. ಅಂದು ಬರೆದುಕೊಂಡದ್ದನ್ನು ಇಟ್ಟುಕೊಂಡು ನಾನು ಮುಂದಿನ ಸೆಮಿಸ್ಟರಿನಲ್ಲಿ ಕೋಸೆಟ್ ಪಾಠ ಮಾಡಿದೆ. ಗಡಿಯಾರ, ಮೂರು ಪಾಲು, ಎಲ್ಲ ಮೇಡಂ ಹೇಳಿದಂತೆಯೇ. ಸೊನ್ನೆ ಎಲ್ಲಿ ಎಂಬ ಪ್ರಶ್ನೆಗಾಗಿ ಹಲಗೆ ಒರೆಸದೆ ಕಾದೆ. ಬಂದ ಪ್ರಶ್ನೆ ಬೇರೆ. ‘ಸರ್, ಮೂರರ ಬದಲು ಐದು ಐದು ಕೂಡಿಸುತ್ತಾ ಹೋದರೆ ಎಷ್ಟು ಪಾಲಾಗುತ್ತದೆ?’ ಎಂದು ಒಬ್ಬಳು ಕೇಳಿದಳು. ಐದನ್ನು ಕೂಡಿಸುತ್ತಾ ಹೋದರೆ ಗಡಿಯಾರದ ಹನ್ನೆರಡು ಸಂಖ್ಯೆಗಳೂ ಬಂದುಬಿಡುತ್ತವೆ, ಪಾಲೇ ಆಗುವುದಿಲ್ಲ. ಏಕೆ ಎಂದು ಹೊರಟರೆ ಸೈಕ್ಲಿಕ್ ಗ್ರೂಪ್, ಮಹತ್ತಮ ಸಾಮಾನ್ಯ ಅಪವರ್ತನ ಎಂದು ಬೇರೆಯೇ ದಾರಿ. ಒಂದು ಗಂಟೆ ಅದರಲ್ಲೇ ಹೋಯಿತು, ಚೆನ್ನಾಗಿಯೂ ಹೋಯಿತು. ಸೊನ್ನೆಯ ಪ್ರಶ್ನೆ ಕೊನೆಗೂ ಬರಲಿಲ್ಲ.

ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ‘ಅದಕ್ಕೇ ನಾನು ಹರಿದುಹಾಕುತ್ತಿದ್ದದ್ದು’ ಎಂದರು. ಈ ಮಾತನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಪ್ರತಿಯೊಬ್ಬರೂ ಮೊದಲಿನಿಂದಲೇ ಕಲಿಯಬೇಕು ಎಂದಾದರೆ ನಾನು ಪಳಗುವ ಹೊತ್ತಿಗೆ ಎಷ್ಟು ಬ್ಯಾಚು ನನ್ನ ಕೈಯಲ್ಲಿ ಹಾಳಾಗಬೇಕು? ಹಾಗೆ ಪಳಗಲು ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಲ್ಲಬೇಕು. ಮುಂದಿನ ವರ್ಷ ಈ ಊರಿನಲ್ಲಿ ಇರುತ್ತೇನೆಯೇ ಎಂದು ನನಗೇ ಗೊತ್ತಿಲ್ಲ. ಮೇಡಂ ಎರಡನೆಯ ಸಾಲಿನ ಹುಡುಗಿಯ ಪ್ರಶ್ನೆಗಾಗಿ ಕಾಯಲು ಸಾಧ್ಯವಾದದ್ದು ಅವರಿಗೆ ಕಾಯಂ ಹುದ್ದೆ ಇತ್ತು ಎಂಬುದರಿಂದಲೂ ಹೌದು. ಪಠ್ಯ ಮುಗಿಸಿಲ್ಲ ಎಂಬ ದೂರು ನನ್ನ ಮೇಲೆ ಬಂದರೆ ಅದರ ಪರಿಣಾಮ ಬೇರೆ. ತಾಲ್ಲೂಕು ಊರುಗಳ ಕಾಲೇಜುಗಳಲ್ಲಿ ಬಿ.ಕಾಂ., ಬಿಸಿಎ ಕಡೆಗೆ ಸಾಲು ಇರುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಆರಿಸಿಕೊಂಡು ಬರುವವರು ಬೆರಳೆಣಿಕೆಯ ಮಕ್ಕಳು. ಆ ಕೆಲವರಿಗೆ ಕಾಯುವ ಮೇಷ್ಟರು ಬೇಕು ಎಂದು ಯಾರಿಗೆ ಅರ್ಜಿ ಬರೆಯುವುದು?

ನಿವೃತ್ತರಾದ ಮೇಲೆ ಎಲ್ಲರೂ ಮೇಡಂಗೆ ಕೇಳಿದ ಪ್ರಶ್ನೆ ಒಂದೇ, ಟ್ಯೂಷನ್ ಶುರು ಮಾಡುತ್ತೀರಾ ಎಂದು. ಊರಿನ ಕೋಚಿಂಗ್ ಕೇಂದ್ರವೊಂದು ಸಿಇಟಿ ಪಾಠಕ್ಕೆ ಕರೆದೂ ಇತ್ತು. ನನಗೆ ನೆನಪಾದದ್ದು ಕಾಪ್ರೇಕರ್. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದು 1962ರಲ್ಲಿ ನಿವೃತ್ತರಾದವರು. ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ಕಳೆಯುತ್ತಾ ಹೋದರೆ ಏಳು ಹೆಜ್ಜೆಯ ಒಳಗೆ 6174 ಬರುತ್ತದೆ. 2024 ಹಿಡಿದರೆ 3996, 6264, 4176, ಆಮೇಲೆ 6174. ಮೇಡಂ ಹೊಸ ಬ್ಯಾಚಿನ ಮೊದಲ ದಿನ ಇದನ್ನೇ ಮಾಡಿಸುತ್ತಿದ್ದರು. ನಿವೃತ್ತಿಯ ನಂತರವೂ ಕಾಪ್ರೇಕರ್ ಸಂಖ್ಯೆಗಳ ಜೊತೆಯೇ ಇದ್ದರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ಪತ್ರಿಕೆಯ ತನ್ನ ಅಂಕಣದಲ್ಲಿ ಬರೆದ ಮೇಲೆ ಹೊರಜಗತ್ತಿಗೆ ಅವರ ಹೆಸರು ಗೊತ್ತಾಯಿತು. ಇದನ್ನು ಹೇಳಿ ಮೇಡಂಗೆ ಉತ್ಸಾಹ ತುಂಬಲು ಹೋದೆ. ‘ನನ್ನನ್ನು ಯಾರೂ ಕಂಡುಹಿಡಿಯುವುದು ಬೇಡ. ನನಗೆ ಗಾಲ್ವಾ ಥಿಯರಿ ಓದಬೇಕು’ ಎಂದರು.

ಸಮೀಕರಣದ ಮೂಲಗಳನ್ನು ಗ್ರೂಪುಗಳ ಮೂಲಕ ನೋಡುವ ಅದು ಎಂ.ಎಸ್ಸಿ.ಯಲ್ಲಿ ಅರ್ಧಂಬರ್ಧ ಓದಿ ಪಾಸಾಗಿದ್ದ ವಿಷಯವಂತೆ. ಐದನೆಯ ಘಾತದ ಸಮೀಕರಣಕ್ಕೆ ಸಾಮಾನ್ಯ ಸೂತ್ರ ಏಕೆ ಇಲ್ಲ ಎಂಬುದನ್ನು ಇಷ್ಟು ವರ್ಷ ತರಗತಿಯಲ್ಲಿ ‘ಇಲ್ಲ’ ಎಂದಷ್ಟೇ ಹೇಳಿ ದಾಟಿಸಿದ್ದರಂತೆ, ಪಠ್ಯ ಅಲ್ಲಿಗೆ ಹೋಗುವುದಿಲ್ಲವಾದ್ದರಿಂದ ಯಾರೂ ಹಿಡಿದು ಕೇಳಲಿಲ್ಲವಂತೆ. ಈಗ ಬೆಳಿಗ್ಗೆ ಅಡುಗೆ ಮುಗಿಸಿ ಕೂರುತ್ತಾರೆ. ನನಗೆ ಫೋನ್ ಬರುವುದು ಸಾಮಾನ್ಯವಾಗಿ ನಾನು ಬಸ್ಸಿನಲ್ಲಿ ನಿಂತಿರುವಾಗ. ಕಳೆದ ವಾರ ಎರಡರ ಘನಮೂಲದಲ್ಲಿ ಸಿಕ್ಕಿಕೊಂಡಿದ್ದರು. ಭಾಗಲಬ್ಧ ಸಂಖ್ಯೆಗಳಿಗೆ ಎರಡರ ಘನಮೂಲವನ್ನು ಸೇರಿಸಿ ಕಟ್ಟಿದ ಫೀಲ್ಡಿನ, ಎಂದರೆ ಕೂಡಿ, ಕಳೆದು, ಗುಣಿಸಿ, ಭಾಗಿಸಿದರೂ ಹೊರಗೆ ಹೋಗದ ಸಂಖ್ಯೆಗಳ ಗುಂಪಿನ, ಡಿಗ್ರಿ ಮೂರು. ಅದಕ್ಕೆ ಇರುವ ಆಟೋಮಾರ್ಫಿಸಂ, ಎಂದರೆ ಕೂಡಿಕೆ, ಗುಣಾಕಾರ ಕೆಡದಂತೆ ಸದಸ್ಯರನ್ನು ಅದಲುಬದಲು ಮಾಡುವ ಬಗೆ, ಮಾತ್ರ ಒಂದೇ. ‘ಇನ್ನೆರಡು ಎಲ್ಲಿಗೆ ಹೋದವು?’ ಎಂದರು. ಎಕ್ಸ್‌ನ ಘನ ಎರಡು ಎಂಬ ಸಮೀಕರಣದ ಉಳಿದೆರಡು ಮೂಲಗಳು ಕಾಂಪ್ಲೆಕ್ಸ್ ಸಂಖ್ಯೆಗಳು, ಅವು ಈ ಫೀಲ್ಡಿನ ಒಳಗೆ ಇಲ್ಲ ಎಂದೆ. ‘ಅದು ಪುಸ್ತಕದಲ್ಲೇ ಇದೆ. ಒಳಗೆ ಇಲ್ಲದಿದ್ದರೆ ಏಕೆ ತೊಂದರೆ ಎಂದು ನಾನು ಕೇಳುತ್ತಿರುವುದು’ ಎಂದರು. ಕಂಡಕ್ಟರ್ ಟಿಕೆಟ್ ಕೇಳುತ್ತಿದ್ದ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ, ನಾಳೆ ಹೇಳುತ್ತೇನೆ ಎಂದೆ. ‘ಬೇಡ, ನಾನೇ ಬರುತ್ತೇನೆ. ವಿಭಾಗದ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ, ನೀಲಿ ರಟ್ಟಿನ ಹಳೆಯ ಪುಸ್ತಕ ಇದೆ, ಅದರಲ್ಲಿ ಬೇರೆ ರೀತಿ ಮಾಡಿದ್ದಾರೆ’ ಎಂದರು. ಕೀಲಿ ಭೌತಶಾಸ್ತ್ರದ ಸರ್ ಹತ್ತಿರ ಇದೆ, ಅವರು ಶುಕ್ರವಾರದವರೆಗೆ ಮೌಲ್ಯಮಾಪನಕ್ಕೆ ಹೋಗಿದ್ದಾರೆ ಎಂದೆ. ಶನಿವಾರ ಮಧ್ಯಾಹ್ನ ಬರುವುದೆಂದು ನಿಶ್ಚಯವಾಯಿತು. ಸರ್‌ಗೆ ನಾನು ಹೇಳಿ ಇಡಬೇಕು, ಪುಸ್ತಕ ಹೊರಗೆ ಹೋಗುವುದಾದರೆ ರಿಜಿಸ್ಟರಿನಲ್ಲಿ ನನ್ನ ಹೆಸರಿನಲ್ಲೇ ಬರೆಸಬೇಕು.